ಹತ್ತು ಪಟ್ಟಿನ ಲೆಕ್ಕ

ಪ್ರೀತಿಯ ಅಕ್ಕ,

ನಿಮ್ಮ ಪತ್ರ ಓದಿ ನಗು ಬಂತು. ಸ್ಯಾನ್ ಆಂಟೋನಿಯೋದಲ್ಲಿರುವ ಮಗಳ ಮನೆಗೆ ಹೋದವರು ಅಲಾಮೊ ಕೋಟೆ, ನದಿಯ ದಂಡೆಯ ತಿರುಗಾಟ ಅಂತ ಏನಾದರೂ ಬರೆಯುತ್ತಾರೆ. ನೀವು ಬರೆದದ್ದು ಅಲ್ಲಿನ ಸಿಟಿ ಮ್ಯಾನೇಜರ್‌ನ ಸಂಬಳದ ವಿಷಯ! ಪುರಸಭೆಯ ಲೆಕ್ಕದ ಶಾಖೆಯಲ್ಲಿ ಜನ್ಮವಿಡೀ ಸಂಬಳದ ಬಿಲ್ಲು ಮಾಡಿದವರ ಕಣ್ಣು ಟೆಕ್ಸಾಸ್‌ಗೆ ಹೋದರೂ ಅಲ್ಲಿಗೇ ಹೋಗಬೇಕಲ್ಲ. ‘ವರ್ಷಕ್ಕೆ 4,61,000 ಡಾಲರ್ ಅಂತೆ. ನಮ್ಮ ದುಡ್ಡಿನಲ್ಲಿ ನಾಲ್ಕು ಕೋಟಿಯ ಹತ್ತಿರ. ಊರಿನ ಚರಂಡಿ, ರಸ್ತೆ, ಕಸ ನೋಡಿಕೊಳ್ಳುವವನಿಗೆ ಇಷ್ಟೊಂದು ಕೊಡಬಹುದೇ? ಸಾಲದ್ದಕ್ಕೆ ಮೇಲಿಂದ ಮೇಲೆ ಏರಿಸುವುದು ಬೇರೆ’ ಎಂದು ಕೇಳಿದ್ದೀರಿ.

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಆ ಮೊತ್ತದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಊರಿನವರು ಈಚೆಗೆ ಒಂದು ಒಳ್ಳೆಯ ನಿಯಮವನ್ನು ಕೈಯಾರೆ ಕಿತ್ತುಹಾಕಿದರು, ಅದಕ್ಕೆ ತಕರಾರಿದೆ. ಕತೆ ಸ್ವಲ್ಪ ಉದ್ದ. ಮೊಮ್ಮಗ ಮಲಗಿದ ಮೇಲೆ ಓದಿ.

ನಮ್ಮಲ್ಲಿ ಮುಖ್ಯಾಧಿಕಾರಿಯನ್ನೋ ಆಯುಕ್ತರನ್ನೋ ಸರ್ಕಾರ ಕಳಿಸುತ್ತದೆ, ಸರ್ಕಾರವೇ ಕರೆಸಿಕೊಳ್ಳುತ್ತದೆ. ಅಮೆರಿಕದ ಬಹಳಷ್ಟು ಊರುಗಳಲ್ಲಿ ಹಾಗಲ್ಲ. ಜನ ಆರಿಸಿದ ಕೌನ್ಸಿಲ್ ತಾನೇ ಹುಡುಕಿ, ಸಂದರ್ಶನ ಮಾಡಿ, ಕರಾರು ಬರೆದು ಒಬ್ಬ ಮ್ಯಾನೇಜರ್‌ನನ್ನು ನೇಮಿಸಿಕೊಳ್ಳುತ್ತದೆ. ಬೇಡವೆನಿಸಿದರೆ ಮತ ಹಾಕಿ ಮನೆಗೆ ಕಳಿಸುತ್ತದೆ. 1908ರಲ್ಲಿ ವರ್ಜೀನಿಯಾದ ಸ್ಟಾಂಟನ್ ಎಂಬ ಸಣ್ಣ ಊರು ಇದಕ್ಕೆ ಕೈಹಾಕಿತು. ಒಹಾಯೋದ ಡೇಟನ್ ನಗರ 1913ರ ಮಹಾ ಪ್ರವಾಹದಲ್ಲಿ ನಲುಗಿದ ಮೇಲೆ, ರಾಜಕಾರಣಿಗಳ ಸಹವಾಸ ಸಾಕೆಂದು ಅದೇ ವರ್ಷ ಇದನ್ನು ಒಪ್ಪಿಕೊಂಡು ಮರುವರ್ಷ ಜಾರಿಗೆ ತಂದಿತು. ಊರನ್ನು ಕಂಪನಿಯ ಹಾಗೆ ನಡೆಸಬೇಕು, ಮತದಾರರು ಷೇರುದಾರರು, ಕೌನ್ಸಿಲ್ಲೇ ನಿರ್ದೇಶಕ ಮಂಡಳಿ ಎನ್ನುವುದು ಅದರ ಹಿಂದಿದ್ದ ಯೋಚನೆ. ಊರನ್ನು ಕಂಪನಿ ಎಂದು ಒಪ್ಪಿದ ಮೇಲೆ ಮ್ಯಾನೇಜರ್‌ಗೆ ಕಂಪನಿಯ ಸಂಬಳ ಬೇಡವೆನ್ನುವುದು ಹೇಗೆ?

ಅದೂ ಸ್ಯಾನ್ ಆಂಟೋನಿಯೋ ಎಂದರೆ ಹದಿನೈದು ಲಕ್ಷ ಜನರ ಊರು, ಅಮೆರಿಕದಲ್ಲಿ ಏಳನೆಯ ದೊಡ್ಡ ನಗರ. ವಿಮಾನ ನಿಲ್ದಾಣ, ಪೊಲೀಸು, ಅಗ್ನಿಶಾಮಕ, ಗ್ರಂಥಾಲಯ, ಎಲ್ಲವೂ ಆ ಒಬ್ಬರ ಕೈಕೆಳಗೆ. 2005ರಲ್ಲಿ ಫೀನಿಕ್ಸ್ ನಗರದಿಂದ ಶೆರಿಲ್ ಸ್ಕಲಿ ಎಂಬ ಮಹಿಳೆಯನ್ನು ಕರೆಸಿ ಈ ಹುದ್ದೆಯಲ್ಲಿ ಕೂರಿಸಿದರು. ಆಕೆ ಗಟ್ಟಿ ಹೆಂಗಸು. ಊರು ತೆಗೆಯುವ ಸಾಲಕ್ಕೆ ರೇಟಿಂಗ್ ಸಂಸ್ಥೆಗಳು ಕೊಡುವ ಅತಿ ಮೇಲಿನ ದರ್ಜೆ ಆಕೆಯ ಕಾಲದಲ್ಲಿ ಸಿಕ್ಕಿತು. ಆ ದರ್ಜೆ ಇದ್ದರೆ ಬಡ್ಡಿ ಕಡಿಮೆ. ಸೇತುವೆಗೆ, ಚರಂಡಿಗೆ ಎತ್ತುವ ಕೋಟಿಗಟ್ಟಲೆ ಸಾಲದಲ್ಲಿ ಕಾಲು ಪರ್ಸೆಂಟ್ ಉಳಿದರೂ ಆಕೆಯ ಸಂಬಳ ಅದರಲ್ಲೇ ಎಷ್ಟೋ ಸಲ ಬಂದುಹೋಗುತ್ತದೆ. ಬಡ್ಡಿಯ ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಾದ್ದೇನಿಲ್ಲ.

ಆದರೆ ಆಕೆ ಅಗ್ನಿಶಾಮಕ ನೌಕರರ ಸಂಘವನ್ನು ಎದುರು ಹಾಕಿಕೊಂಡರು. ಅವರ ಆರೋಗ್ಯ ವಿಮೆಯ ಖರ್ಚು ಊರಿನ ಬೊಕ್ಕಸವನ್ನು ತಿನ್ನುತ್ತಿದೆ ಎಂದು ಆಕೆ, ನಮ್ಮ ಹೊಟ್ಟೆಗೆ ಹೊಡೆಯುತ್ತಿದ್ದಾರೆ ಎಂದು ಅವರು. 2014ರಲ್ಲಿ ಒಪ್ಪಂದದ ಅವಧಿ ಮುಗಿದ ಮೇಲೆ ಜಗಳ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಕೊನೆಗೆ ಸಂಘದವರು ಸಹಿ ಸಂಗ್ರಹಕ್ಕೆ ಇಳಿದರು. ಮುಂದೆ ಬರುವ ಯಾವ ಸಿಟಿ ಮ್ಯಾನೇಜರ್‌ನ ಸಂಬಳವೂ ಅತಿ ಕಡಿಮೆ ಸಂಬಳದ ಪೂರ್ಣಾವಧಿ ನೌಕರನ ಸಂಬಳದ ಹತ್ತು ಪಟ್ಟನ್ನು ಮೀರಕೂಡದು, ಎಂಟು ವರ್ಷಕ್ಕಿಂತ ಹೆಚ್ಚು ಯಾರೂ ಆ ಕುರ್ಚಿಯಲ್ಲಿ ಇರಕೂಡದು ಎಂಬ ಪ್ರಸ್ತಾಪವನ್ನು ಜನರ ಮುಂದಿಟ್ಟರು. ಆಗ ಸ್ಕಲಿ ಅವರ ಸಂಬಳ 4,50,000 ಡಾಲರ್, ಬೋನಸ್ ಬೇರೆ. 2018ರ ನವೆಂಬರಿನಲ್ಲಿ ಮತದಾನ ನಡೆದು ಪ್ರಸ್ತಾಪ ಸುಲಭವಾಗಿ ಗೆದ್ದಿತು. ಆ ತಿಂಗಳು ಮುಗಿಯುವ ಮೊದಲೇ ಸ್ಕಲಿ ನಿವೃತ್ತಿ ಘೋಷಿಸಿದರು. (ಆಮೇಲೆ ಈ ಜಗಳದ ಬಗ್ಗೆಯೇ ಒಂದು ಪುಸ್ತಕ ಬರೆದರು. ಅದರ ಹೆಸರೇ ಒಂದು ಬೈಗುಳ. ಮಗಳಿಗೆ ಕೇಳಿ, ಹೇಳುತ್ತಾಳೆ.)

ಸೇಡಿನಲ್ಲಿ ಹುಟ್ಟಿದ ನಿಯಮ, ನಿಜ. ಆದರೂ ನಿಮ್ಮಂಥವರು ಕ್ಯಾಲ್ಕುಲೇಟರ್ ಹಿಡಿದು ಕೂತರೆ ಖುಷಿಪಡುವ ಒಂದು ವಿಷಯ ಅದರೊಳಗಿದೆ. ಸ್ಯಾನ್ ಆಂಟೋನಿಯೋ ನಗರಾಡಳಿತದಲ್ಲಿ ಅತಿ ಕೆಳಗಿನ ನೌಕರನಿಗೆ ಆಗ ಗಂಟೆಗೆ 15 ಡಾಲರ್. ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ 2,080 ಗಂಟೆ. ಗುಣಿಸಿ: 31,200. ಅದರ ಹತ್ತು ಪಟ್ಟು 3,12,000. ಸ್ಕಲಿ ಅವರ ಜಾಗಕ್ಕೆ ಬಂದ ಎರಿಕ್ ವಾಲ್ಶ್ ಅವರಿಗೆ ಕೊಟ್ಟ ಸಂಬಳ ಸರಿಯಾಗಿ ಅಷ್ಟೇ. ಮುಂದೆ ಕೆಳಗಿನವರ ಕೂಲಿ ಗಂಟೆಗೆ 18 ಡಾಲರ್ ಆಯಿತು, ವರ್ಷಕ್ಕೆ 37,440. ವಾಲ್ಶ್ ಅವರ ಸಂಬಳವೂ 3,74,400 ಆಯಿತು. ಕಸ ಎತ್ತುವವನಿಗೆ, ಉದ್ಯಾನದ ಹುಲ್ಲು ಕತ್ತರಿಸುವವನಿಗೆ ಗಂಟೆಗೆ ಮೂರು ಡಾಲರ್ ಹೆಚ್ಚು ಸಿಗದಿದ್ದರೆ ಮೇಲಿನವರಿಗೆ ಅರವತ್ತೆರಡು ಸಾವಿರ ಡಾಲರ್ ಸಿಗುತ್ತಿರಲಿಲ್ಲ. ಬಜೆಟ್ ಬರೆಯುವ ಅಧಿಕಾರಿಗೆ ಕೆಳಗಿನವರ ಕೂಲಿ ಏರಿಸಲು ಇದಕ್ಕಿಂತ ಒಳ್ಳೆಯ ಆಸೆ ತೋರಿಸಲು ಸಾಧ್ಯವೇ ಹೇಳಿ!

ನಿಯಮದ ಎರಡನೆಯ ತುಂಡು, ಆ ಎಂಟು ವರ್ಷದ ಗಡುವು, ನನಗೆ ಹಿಡಿಸಲಿಲ್ಲ. ಕೆಲಸ ಬಲ್ಲವರನ್ನು ಕ್ಯಾಲೆಂಡರ್ ನೋಡಿ ಕಳಿಸುವುದು ಯಾವ ಜಾಣತನ? ಎರಡನ್ನೂ ಒಂದೇ ಕಾಗದದಲ್ಲಿ ಬರೆದು ಒಂದೇ ಮತ ಕೇಳಿದ್ದರು. ಕಿತ್ತದ್ದೂ ಹಾಗೆಯೇ. ಹೀಗಿದ್ದರೆ ಒಳ್ಳೆಯವರು ಸಿಗುವುದಿಲ್ಲ, ಇದ್ದವರೂ ಬಿಟ್ಟುಹೋಗುತ್ತಾರೆ ಎಂದು ಅಲ್ಲಿನ ಉದ್ಯಮಿಗಳೂ ಹಲವು ನಾಯಕರೂ ಪ್ರಚಾರ ಮಾಡಿದರು. 2024ರ ನವೆಂಬರಿನಲ್ಲಿ ಅದೇ ಮತದಾರರು ಹತ್ತು ಪಟ್ಟು, ಎಂಟು ವರ್ಷ ಎರಡನ್ನೂ ತೆಗೆದುಹಾಕಿ, ಸಂಬಳ ನಿಗದಿ ಮಾಡುವ ಅಧಿಕಾರವನ್ನು ಕೌನ್ಸಿಲ್‌ಗೆ ವಾಪಸು ಕೊಟ್ಟರು. ಅದಾದ ಕೆಲವೇ ತಿಂಗಳಲ್ಲಿ ಬಂದದ್ದು ನೀವು ಓದಿದ ಆ 4,61,000.

ಕೌನ್ಸಿಲ್ ಎಂದೆನಲ್ಲ, ಅವರ ಕತೆ ಕೇಳಿದರೆ ನೀವು ನಂಬಲಿಕ್ಕಿಲ್ಲ. 2015ರ ತನಕ ಸ್ಯಾನ್ ಆಂಟೋನಿಯೋದ ಕೌನ್ಸಿಲ್ ಸದಸ್ಯರಿಗೆ ಸಿಗುತ್ತಿದ್ದದ್ದು ಒಂದು ಸಭೆಗೆ 20 ಡಾಲರ್. ಸಂಬಳವಲ್ಲ, ಸಭಾ ಭತ್ಯೆ. ಲಕ್ಷಾಂತರ ಡಾಲರ್‌ನ ಮ್ಯಾನೇಜರ್‌ಗೆ ಕೆಲಸ ಹೇಳುವ, ಪ್ರಶ್ನೆ ಕೇಳುವ, ಬೇಕಾದರೆ ಕಿತ್ತುಹಾಕುವ ಹೊಣೆ ಹೊತ್ತವರಿಗೆ ಊಟದ ಖರ್ಚಿನಷ್ಟು! ಇಂಥ ಕಡೆ ಕೌನ್ಸಿಲ್‌ಗೆ ಯಾರು ಬರುತ್ತಾರೆ? ಸ್ವಂತ ಆಸ್ತಿ ಇರುವವರು, ನಿವೃತ್ತರು, ಇಲ್ಲವೇ ಬೇರೆ ಲಾಭದ ಮೇಲೆ ಕಣ್ಣಿಟ್ಟವರು. 2015ರಲ್ಲಿ ಜನ ಮತ ಹಾಕಿ ವರ್ಷಕ್ಕೆ 45,722 ಡಾಲರ್ ಮಾಡಿದರು. 2024ರಲ್ಲಿ ಇನ್ನಷ್ಟು ಏರಿಸಿದರು. ನನ್ನನ್ನು ಕೇಳಿದರೆ ಅಧಿಕಾರಿಯ ಸಂಬಳಕ್ಕಿಂತ ಮೊದಲು ಚರ್ಚೆಯಾಗಬೇಕಾದದ್ದು ಇದು. ಪ್ರಶ್ನೆ ಕೇಳುವವನನ್ನು ಬಿಟ್ಟಿ ದುಡಿಸಿಕೊಂಡು ಉತ್ತರ ಕೊಡುವವನಿಗೆ ಕೋಟಿ ಕೊಟ್ಟರೆ ಸಭೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ನಿಮಗೆ ಗೊತ್ತು.

‘ಹಾಗಾದರೆ ಕೌನ್ಸಿಲ್‌ನವರಿಗೂ ಸುರಿದುಬಿಡೋಣ, ಎಲ್ಲ ಸರಿಹೋಗುತ್ತದೆ’ ಎನ್ನಬೇಡಿ. ಅದಕ್ಕೆ ಬೆಲ್ ಎಂಬ ಊರಿದೆ.

ಲಾಸ್ ಏಂಜಲೀಸ್ ಪಕ್ಕದ ಪುಟ್ಟ ಊರದು. ಮೂವತ್ತೈದು ಸಾವಿರ ಜನ. ಹೆಚ್ಚಿನವರು ಮೆಕ್ಸಿಕೋ ಕಡೆಯ ಮೂಲದ ಬಡ ಕೂಲಿ ಕುಟುಂಬಗಳವರು. ರಾಬರ್ಟ್ ರಿಜ್ಜೊ ಎಂಬಾತ 1993ರಲ್ಲಿ ವರ್ಷಕ್ಕೆ 72,000 ಡಾಲರ್‌ಗೆ ಅಲ್ಲಿ ಮ್ಯಾನೇಜರ್ ಆಗಿ ಸೇರಿದ. 2010ರ ಹೊತ್ತಿಗೆ ಅವನ ಮೂಲ ಸಂಬಳ 7,87,637 ಡಾಲರ್. ಆಗ ಅಮೆರಿಕದ ಅಧ್ಯಕ್ಷರ ಸಂಬಳ 4,00,000. ಪ್ರತಿ ಜುಲೈನಲ್ಲಿ ಅವನಿಗೆ ತಾನಾಗಿಯೇ ಶೇಕಡ 12 ಬಡ್ತಿ. ರಜೆ, ಕಾಯಿಲೆ ರಜೆ ಎಂದು ವರ್ಷಕ್ಕೆ ಸುಮಾರು 28 ವಾರದ ಲೆಕ್ಕ ಬೇರೆ. ಎಲ್ಲ ಕೂಡಿಸಿದರೆ ಹದಿನೈದು ಲಕ್ಷ ಡಾಲರ್ ಹತ್ತಿರ ಹೋಗುತ್ತಿತ್ತು. ಅವನ ಪೊಲೀಸ್ ಮುಖ್ಯಸ್ಥನಿಗೆ 4,57,000. ಹತ್ತು ಸಾವಿರದಷ್ಟು ಪೊಲೀಸರಿರುವ ಲಾಸ್ ಏಂಜಲೀಸ್‌ನ ಮುಖ್ಯಸ್ಥನಿಗೂ ಅಷ್ಟಿರಲಿಲ್ಲ.

ಅದನ್ನು ತಡೆಯಬೇಕಿದ್ದ ಕೌನ್ಸಿಲ್ ಏನು ಮಾಡುತ್ತಿತ್ತು? ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಅಷ್ಟು ಗಾತ್ರದ ಊರಿನ ಸದಸ್ಯರಿಗೆ ರಾಜ್ಯದ ಕಾನೂನಿನ ಪ್ರಕಾರ ತಿಂಗಳಿಗೆ 400 ಡಾಲರ್ ಆಸುಪಾಸು. ಐವರಲ್ಲಿ ನಾಲ್ವರು ವರ್ಷಕ್ಕೆ ಒಂದು ಲಕ್ಷದ ಹತ್ತಿರ ತೆಗೆದುಕೊಳ್ಳುತ್ತಿದ್ದರು. ನಿಮಿಷಗಳಲ್ಲಿ ಮುಗಿಯುವ, ಕೆಲವೊಮ್ಮೆ ಸೇರುವುದೇ ಇಲ್ಲದ ಸಮಿತಿಗಳ ಹೆಸರಿನಲ್ಲಿ ಭತ್ಯೆ. ಐದನೆಯವನಿಗೆ ಮಾತ್ರ ವರ್ಷಕ್ಕೆ ಸುಮಾರು ಎಂಟು ಸಾವಿರ. ಉಳಿದವರದು ಎಷ್ಟೆಂದು ಪಾಪ ಅವನಿಗೇ ಗೊತ್ತಿರಲಿಲ್ಲ. ಇದಕ್ಕೆಲ್ಲ ದಾರಿ ಮಾಡಿಕೊಟ್ಟದ್ದು 2005ರ ಒಂದು ವಿಶೇಷ ಮತದಾನ. ರಾಜ್ಯದ ಸಂಬಳದ ಮಿತಿಯಿಂದ ಊರನ್ನು ಹೊರಗಿಡುವ ಪ್ರಸ್ತಾಪ ಅದು. ಮತ ಹಾಕಿದವರು ನಾನೂರು ಮಂದಿಯೂ ಇಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದಿರುವುದು ಒಂದು ಚೀಟಿ. 2008ರಲ್ಲಿ ಬೆಲ್‌ನ ನಿವಾಸಿಯೊಬ್ಬರು ನಗರ ಕಚೇರಿಗೆ ಹೋಗಿ, ‘ಮ್ಯಾನೇಜರ್ ಸಂಬಳ ಎಷ್ಟು, ಸದಸ್ಯರದು ಎಷ್ಟು?’ ಎಂದು ಲಿಖಿತವಾಗಿ ಕೇಳಿದರು. ಕಚೇರಿ ಉತ್ತರವನ್ನೂ ಕೊಟ್ಟಿತು: ಮ್ಯಾನೇಜರ್‌ಗೆ ತಿಂಗಳಿಗೆ 15,478 ಡಾಲರ್, ಸದಸ್ಯರಿಗೆ 673. ಎಷ್ಟು ಚೊಕ್ಕವಾದ ಅಂಕಿ ನೋಡಿ. ಯಾರಿಗೂ ಅನುಮಾನ ಬರುವಂತಿಲ್ಲ. ಎಲ್ಲ ಸುಳ್ಳು. ರಿಜ್ಜೊನ ನಿಜವಾದ ಸಂಬಳ ಅದರ ಮೂರು ಪಟ್ಟಿಗಿಂತ ಹೆಚ್ಚಿತ್ತು. ಅವನ ಕರಾರನ್ನೇ ಹಲವು ತುಂಡು ಮಾಡಿ ಬೇರೆ ಬೇರೆ ಮಂಡಳಿಗಳ ಹೆಸರಿಗೆ ಹಂಚಿದ್ದರು, ಒಟ್ಟು ಮೊತ್ತ ಯಾವ ಒಂದು ಹಾಳೆಯಲ್ಲೂ ಕಾಣಬಾರದೆಂದು. ಸಂಬಳದ ರಿಜಿಸ್ಟರನ್ನು ಮೈಯೆಲ್ಲ ಕಣ್ಣಾಗಿ ಕಾದ ನಿಮಗೆ ಇದು ಓದುವಾಗಲೇ ಮೈ ಉರಿಯುತ್ತಿರಬೇಕು.

ಕೊನೆಗೆ ಇದು ಹೊರಬಂದದ್ದು ಪಕ್ಕದ ಮೇವುಡ್ ಊರಿನ ದೆಸೆಯಿಂದ. ಮೇವುಡ್ ದುಡ್ಡಿಲ್ಲದೆ ತನ್ನ ನೌಕರರನ್ನೆಲ್ಲ ತೆಗೆದು ಆಡಳಿತವನ್ನು ಬೆಲ್‌ಗೆ ವಹಿಸಿತ್ತು. ಅದರ ಸುದ್ದಿ ಬರೆಯಲು ಹೋದ ಲಾಸ್ ಏಂಜಲೀಸ್ ಟೈಮ್ಸ್‌ನ ಜೆಫ್ ಗಾಟ್ಲೀಬ್ ಮತ್ತು ರೂಬೆನ್ ವೀವೆಸ್ ಅವರು ಬೆಲ್‌ನ ದಾಖಲೆಗಳನ್ನೂ ಕೇಳಿದರು. 2010ರ ಜುಲೈನಲ್ಲಿ ವರದಿ ಬಂತು. ಖಾಸಗಿ ಕಂಪನಿಗೆ ಹೋಗಿದ್ದರೆ ನಾನು ಇಷ್ಟು ಸಂಪಾದಿಸುತ್ತಿರಲಿಲ್ಲವೇ ಎಂಬುದು ರಿಜ್ಜೊನ ಸಮರ್ಥನೆ. ಜನ ಕೌನ್ಸಿಲ್ ಸಭೆಗೆ ನುಗ್ಗಿ ಕೂಗಾಡಿದರು. ಮರುವರ್ಷ ಸದಸ್ಯರನ್ನು ವಾಪಸು ಕರೆಸುವ ಮತದಾನ ನಡೆಯಿತು. ಅದೇ ವರ್ಷ ಪತ್ರಿಕೆಗೆ ಪುಲಿಟ್ಜರ್ ಬಂತು. 2014ರಲ್ಲಿ ರಿಜ್ಜೊಗೆ 12 ವರ್ಷ ಜೈಲಾಯಿತು.

ಈಗ ಎರಡು ಊರನ್ನೂ ಪಕ್ಕದಲ್ಲಿಟ್ಟು ನೋಡಿ. ರಿಜ್ಜೊನ ಮೂಲ ಸಂಬಳ ಸ್ಕಲಿ ಅವರದರ ಎರಡು ಪಟ್ಟೂ ಇರಲಿಲ್ಲ. ಆದರೆ ಸ್ಯಾನ್ ಆಂಟೋನಿಯೋದ ಜನಸಂಖ್ಯೆ ಬೆಲ್‌ನ ನಲವತ್ತು ಪಟ್ಟು. ಅದಕ್ಕಿಂತ ದೊಡ್ಡ ವ್ಯತ್ಯಾಸ ಬೇರೆ ಇದೆ: ಸ್ಕಲಿ ಅವರ ಸಂಬಳ ಊರಿನ ಚಹಾದಂಗಡಿಯವನಿಗೂ ಗೊತ್ತಿತ್ತು. ಅದರ ಮೇಲೆ ಜಗಳವಾಯಿತು, ಸಹಿ ಸಂಗ್ರಹವಾಯಿತು, ಎರಡು ಸಲ ಮತದಾನವಾಯಿತು. ಒಮ್ಮೆ ಕಟ್ಟಿದರು, ಒಮ್ಮೆ ಬಿಚ್ಚಿದರು. ಬಿಚ್ಚಿದ್ದು ನನಗೆ ಇಷ್ಟವಾಗಲಿಲ್ಲ, ಆ ಮಾತು ಬೇರೆ. ಬಿಚ್ಚಿದವರು ಆ ಊರಿನವರೇ.

ಸಂಬಳ ಚೆನ್ನಾಗಿ ಕೊಟ್ಟರೆ ಗಿಂಬಳಕ್ಕೆ ಕೈಚಾಚುವುದಿಲ್ಲ ಎಂಬ ವಾದವನ್ನೂ ನೀವು ಎತ್ತಿದ್ದೀರಿ. ಅದನ್ನು ಪೂರ್ತಿ ನಂಬಿ ಆಚರಣೆಗೆ ತಂದದ್ದು ಸಿಂಗಪುರ. ಅಲ್ಲಿ ಊರೂ ದೇಶವೂ ಒಂದೇ. 1994ರಿಂದ ಮಂತ್ರಿಗಳ ಸಂಬಳವನ್ನು ಖಾಸಗಿಯಲ್ಲಿ ಅತಿ ಹೆಚ್ಚು ಗಳಿಸುವವರಿಗೆ ತಳಕು ಹಾಕಿದ್ದಾರೆ. 2012ರಲ್ಲಿ ಜನರ ಸಿಟ್ಟಿಗೆ ಹೆದರಿ ದೊಡ್ಡ ಕಡಿತ ಮಾಡಿದ ಮೇಲೂ ಹೊಸ ಮಂತ್ರಿಗೆ ವರ್ಷಕ್ಕೆ ಹನ್ನೊಂದು ಲಕ್ಷ ಸಿಂಗಪುರ ಡಾಲರ್. ಆ ವಾದ ಅಲ್ಲಿ ಬಹುಮಟ್ಟಿಗೆ ನಡೆಯಿತು ಎನ್ನಬೇಕು. ಆದರೂ 2024ರಲ್ಲಿ ಸಾರಿಗೆ ಮಂತ್ರಿಯಾಗಿದ್ದ ಈಶ್ವರನ್ ಉದ್ಯಮಿಗಳಿಂದ ಉಡುಗೊರೆ ಪಡೆದ ಪ್ರಕರಣದಲ್ಲಿ ಜೈಲಿಗೆ ಹೋದರು. ಅವರನ್ನು ಹಿಡಿದದ್ದು ಸಂಬಳದ ಪಟ್ಟಿಯಲ್ಲ, ತನಿಖಾ ಸಂಸ್ಥೆ.

ಇನ್ನು ನಮ್ಮ ಕಡೆಗೆ. ‘ಬೆಂಗಳೂರಿನ ಆಯುಕ್ತರಿಗೆ ಇದರ ಕಾಲು ಭಾಗವೂ ಇಲ್ಲವಲ್ಲ’ ಎಂದು ಬರೆದಿದ್ದೀರಿ. ಕಾಲು ಭಾಗವಿರಲಿ, ಹತ್ತನೆಯ ಒಂದು ಭಾಗವಾದರೂ ಬಂದೀತೇ ನೋಡಿ! ಐಎಎಸ್‌ನ ರಾಜ್ಯ ಮಟ್ಟದ ತುತ್ತತುದಿಯ ವೇತನ, ಮುಖ್ಯ ಕಾರ್ಯದರ್ಶಿ ಮಟ್ಟದವರದು, ತಿಂಗಳಿಗೆ 2,25,000 ಮೂಲ ವೇತನ. ಕೇಂದ್ರದ ಅದೇ ಪಟ್ಟಿಯಲ್ಲಿ ಅತಿ ಕೆಳಗಿನದು 18,000. ಹನ್ನೆರಡೂವರೆ ಪಟ್ಟು. ನಮ್ಮ ರಾಜ್ಯದ ಏಳನೆಯ ವೇತನ ಆಯೋಗದ ಶ್ರೇಣಿ 2024ರ ಆಗಸ್ಟಿನಿಂದ 27,000ದಿಂದ 2,41,200ರವರೆಗೆ, ಒಂಬತ್ತು ಪಟ್ಟಿನೊಳಗೆ. ಸ್ಯಾನ್ ಆಂಟೋನಿಯೋದವರು ಸಹಿ ಸಂಗ್ರಹಿಸಿ ತಂದ ನಿಯಮ ನಮ್ಮ ರಾಜ್ಯದ ಕಾಗದದಲ್ಲಿ ಸದ್ದಿಲ್ಲದೆ ಮೊದಲಿನಿಂದಲೇ ಇದೆ ಎಂದಾಯಿತಲ್ಲ!

ಕಾಗದದಲ್ಲಿ ಮಾತ್ರ. ಹತ್ತು ಪಟ್ಟಿನ ನಿಯಮಕ್ಕೆ ಒಂದು ಕಿಂಡಿಯಿದೆ: ಕೆಳಗಿನವನನ್ನು ಗುತ್ತಿಗೆದಾರನ ಕೈಗೆ ಕೊಟ್ಟುಬಿಟ್ಟರೆ ಅವನು ‘ನೌಕರ’ನೇ ಅಲ್ಲ, ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದವರಿಗೆ ಆ ಕಿಂಡಿ ಹೊಳೆಯುವ ಮೊದಲೇ ನಮ್ಮವರು ಅದರಲ್ಲಿ ಬಾಗಿಲು ಕೊರೆದಿದ್ದರು. ಬೆಂಗಳೂರಿನ ಪೌರಕಾರ್ಮಿಕರು ಎಷ್ಟೋ ವರ್ಷ ಗುತ್ತಿಗೆದಾರರ ಮಸ್ಟರ್ ರೋಲ್‌ನಲ್ಲಿದ್ದರು. ಪಿಎಫ್, ಇಎಸ್‌ಐ ಕಡಿತವಾಗುತ್ತಿತ್ತು, ಕಟ್ಟಿದ್ದಾರೋ ಇಲ್ಲವೋ ಕೇಳಿದರೆ ಉತ್ತರವಿಲ್ಲ. ಆಮೇಲೆ ಪಾಲಿಕೆಯೇ ನೇರ ಪಾವತಿ ಶುರುಮಾಡಿತು. 2022ರ ಜುಲೈನಲ್ಲಿ ಅವರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. 2025ರ ಮೇ ದಿನದಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಒಳ್ಳೆಯದಾಯಿತು. ಆದರೆ ಮನೆಮನೆಯ ಕಸ ಒಯ್ಯುವ ಆಟೋ ಟಿಪ್ಪರ್‌ನ ಚಾಲಕ, ಅವನ ಹಿಂದೆ ನಿಂತು ಬರಿಗೈಲಿ ಹಸಿ ಕಸ ಒಣ ಕಸ ಬೇರೆ ಮಾಡುವ ಸಹಾಯಕ, ಇವರನ್ನು ಆ ಆದೇಶ ಮುಟ್ಟಲಿಲ್ಲ. ಆಯುಕ್ತರ ಸಂಬಳ ಎಷ್ಟು ಪಟ್ಟು ಎಂದು ನೋಡುವುದಾದರೆ ಇವರ ಕೈಗೆ ನಿಜಕ್ಕೂ ಬೀಳುವ ದುಡ್ಡಿನಿಂದ ಶುರುಮಾಡಬೇಕು.

ಇನ್ನೊಂದು ವಿಷಯ. ಸ್ಯಾನ್ ಆಂಟೋನಿಯೋದವರು ಸ್ಕಲಿ ಅವರ ಸಂಬಳ ಹೆಚ್ಚಾಯಿತೆಂದು ಜಗಳವಾಡಬಹುದಿತ್ತು, ಏಕೆಂದರೆ ಆಕೆ ಅವರ ನೌಕರಳು. ಬೆಂಗಳೂರಿನ ಆಯುಕ್ತರು ಬೆಂಗಳೂರಿನ ನೌಕರರಲ್ಲ. ಅವರನ್ನು ಇಟ್ಟುಕೊಳ್ಳುವುದು, ಕಳಿಸುವುದು ಯಾವುದೂ ಊರಿನವರ ಕೈಯಲ್ಲಿಲ್ಲ. ತುಟ್ಟಿಭತ್ಯೆ ಜನವರಿಗೊಮ್ಮೆ ಜುಲೈಗೊಮ್ಮೆ ಏರುತ್ತದೆ, ರಾಜಕಾಲುವೆ ಹೂಳೆತ್ತಿದರೂ ಏರುತ್ತದೆ, ಎತ್ತದಿದ್ದರೂ ಏರುತ್ತದೆ. ಅವರು ಕೆಲಸ ಕಲಿತು ಊರಿನ ಬೀದಿಗಳ ಹೆಸರು ಬಾಯಿಗೆ ಬರುವಷ್ಟರಲ್ಲಿ ವರ್ಗಾವಣೆಯ ಆದೇಶ ಬಂದಿರುತ್ತದೆ. ಇನ್ನು ಪ್ರಶ್ನೆ ಕೇಳಬೇಕಾದ ಕಾರ್ಪೊರೇಟರುಗಳು? ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳ ಕಾಲ. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಪಾಲಿಕೆ ಐದಾದಾಗಲೂ ಕೌನ್ಸಿಲ್ ಕುರ್ಚಿಗಳು ಖಾಲಿಯೇ ಇದ್ದವು. ಅದಕ್ಕೇ ನಾನು ಹೇಳುವುದು: ಆಯುಕ್ತರಿಗೆ ಇವತ್ತಿನ ನಾಲ್ಕು ಪಟ್ಟು ಕೊಡಿ, ಹೊಟ್ಟೆಕಿಚ್ಚು ಪಡುವುದಿಲ್ಲ. ಐದು ವರ್ಷ ಕದಲಿಸಬೇಡಿ. ಆ ಸಂಬಳವನ್ನು ನಾವು ಆರಿಸಿದ ಕೌನ್ಸಿಲ್ ಬಾಗಿಲು ತೆರೆದು ಚರ್ಚಿಸಿ ಗೊತ್ತುಮಾಡಲಿ. ಟಿಪ್ಪರ್ ಹಿಂದೆ ನಿಂತವನ ಕೂಲಿಗೆ ಅದನ್ನು ಕಟ್ಟಿಹಾಕಲಿ.

ಬಾಗಿಲು ತೆರೆದು ಎಂದದ್ದಕ್ಕೆ ಕಾರಣವಿದೆ. 2025ರ ಮಾರ್ಚಿನಲ್ಲಿ ನಮ್ಮ ಶಾಸಕರು ತಮ್ಮ ಸಂಬಳವನ್ನು 40,000ದಿಂದ 80,000ಕ್ಕೆ, ಮುಖ್ಯಮಂತ್ರಿಗಳದನ್ನು 75,000ದಿಂದ ಒಂದೂವರೆ ಲಕ್ಷಕ್ಕೆ ಏರಿಸಿಕೊಂಡರು. ಏರಿಕೆಗೆ ಕಾರಣಗಳು ಇರಬಹುದು, ಎಲ್ಲರ ಖರ್ಚೂ ಏರಿದೆ. ಆದರೆ ಸದನದ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಮಸೂದೆ ಪಾಸಾಯಿತು. ಬೇರೆಲ್ಲ ವಿಷಯಕ್ಕೆ ಕಚ್ಚಾಡುತ್ತಿದ್ದವರು ಇದೊಂದಕ್ಕೆ ತಕರಾರು ತೆಗೆಯಲಿಲ್ಲ.

ನೀವು ಊರಿಗೆ ಬಂದ ಮೇಲೆ ಒಂದು ಕೆಲಸ ಮಾಡೋಣ, ನಿಮ್ಮ ಅನುಭವ ಬೇಕು. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಸಾರ್ವಜನಿಕ ಕಚೇರಿ ತನ್ನ ಪ್ರತಿಯೊಬ್ಬ ಅಧಿಕಾರಿ, ನೌಕರರ ತಿಂಗಳ ಸಂಬಳವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಬೆಲ್‌ನ ಹಗರಣ ಹೊರಬೀಳುವ ಐದು ವರ್ಷ ಮೊದಲೇ ನಮಗೆ ಈ ಕಾಯ್ದೆ ಇತ್ತು. ನಾವಿಬ್ಬರೂ ನಿಮ್ಮ ಪುರಸಭೆಯ ಪಟ್ಟಿ ತರಿಸಿಕೊಂಡು ಕೂರೋಣ. ಮೇಲಿನ ಹೆಸರು ಮುಖ್ಯಾಧಿಕಾರಿಯದು ಇದ್ದೇ ಇರುತ್ತದೆ. ಕೊನೆಯ ಸಾಲಿನಲ್ಲಿ ಹೊರಗುತ್ತಿಗೆಯ ನೀರುಗಂಟಿ, ಲೋಡರ್ ಇವರ ಹೆಸರು ಇದೆಯೇ, ಇದ್ದರೆ ಎದುರಿಗೆ ಬರೆದಿರುವುದು ಏಜೆನ್ಸಿಗೆ ಕೊಟ್ಟ ಮೊತ್ತವೋ ಅವರ ಬ್ಯಾಂಕ್ ಖಾತೆಗೆ ಬಿದ್ದದ್ದೋ ನೋಡಬೇಕು. ಇಲ್ಲದಿದ್ದರೆ ಅರ್ಜಿ ನಾನು ಬರೆಯುತ್ತೇನೆ, ಪ್ರಶ್ನೆಗಳನ್ನು ನೀವು ಹೇಳಿ. ಉತ್ತರ ಬಂದ ಮೇಲೆ ಆ ಅಂಕಿ ಸಾಚಾವೋ ಅಲ್ಲವೋ ಎಂದು ಹಿಡಿಯುವುದೂ ನಿಮ್ಮ ಪಾಲಿಗೇ.

ಮಗಳಿಗೆ, ಅಳಿಯನಿಗೆ ನನ್ನ ನೆನಪು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ